ಅಂಗಡಿ ಲಿಂಕ್‌ಗೆ ಅಲಿಯಾಸ್ ಕೊಟ್ಟರೆ ಗೂಗಲ್ ಒಲಿಯುತ್ತಾ?

ಪ್ರಶ್ನೆ: ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಸಣ್ಣ ಆನ್‌ಲೈನ್ ಅಂಗಡಿ ನಮ್ಮದು. ಓಪನ್‌ಕಾರ್ಟ್ ಎಂಬ ಅಂಗಡಿ ತಂತ್ರಾಂಶದ 3ನೇ ಆವೃತ್ತಿಯಲ್ಲಿ ಮಾಡಿಸಿದ್ದೇವೆ. ಸುಮಾರು 180 ವಸ್ತುಗಳಿವೆ. ಲಿಂಕ್‌ಗಳು ನೋಡಿದರೆ ಪ್ರಶ್ನಾರ್ಥಕ ಚಿಹ್ನೆ, ಅಂಕಿ, ಗೆರೆಗಳ ರಾಶಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ‘ಪ್ರತಿಯೊಂದಕ್ಕೂ ಕಸ್ಟಮ್ ಅಲಿಯಾಸ್, ಅಂದರೆ ಲಿಂಕ್‌ಗೆ ನಮಗೆ ಬೇಕಾದ ಹೆಸರು ಹಾಕೋಣ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬರ್ತೀರಿ’ ಅನ್ನುತ್ತಾನೆ. ನಿಜವೇ? ಅಲಿಯಾಸನ್ನು ಕನ್ನಡದಲ್ಲೇ ಇಡಬಹುದೇ? ಈಗಾಗಲೇ ವಾಟ್ಸ್ಆ್ಯಪ್‌ನಲ್ಲಿ ಹಂಚಿರುವ ಹಳೆ ಲಿಂಕ್‌ಗಳ ಗತಿ ಏನು?

ಉತ್ತರ: ಹುಡುಗ ಹೇಳಿದ್ದರಲ್ಲಿ ಅಲಿಯಾಸ್ ಹಾಕಿ ಅನ್ನುವುದು ಸರಿ. ಮೊದಲ ಪುಟಕ್ಕೆ ಬರ್ತೀರಿ ಅನ್ನುವುದು ಸುಮ್ನೆ ಮಾತು. ಅದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಅವನು ಹೇಳೇ ಇಲ್ಲ. ಅಲಿಯಾಸ್ ಹಾಕಿದ ದಿನ ನಿಮ್ಮ ಅಂಗಡಿಯ ಲಿಂಕ್‌ಗಳ ಗೊಂದಲ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಅದನ್ನು ಕಡಿಮೆ ಮಾಡುವ ಕೆಲಸ ಬೇರೆಯೇ ಇದೆ. ಲಾಭ ಇರುವುದು ಆ ಕೆಲಸದಲ್ಲಿ.

(ಒಂದು ಮಾತು. ಇಲ್ಲಿ ನಾನು ಲಿಂಕ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಕನ್ನಡ ಅಲಿಯಾಸ್ ಎಂದು ಬೇರೆಯಾಗಿ ಹೇಳದ ಕಡೆ ಅದನ್ನು ಇಂಗ್ಲಿಷ್ ಅಕ್ಷರ ಎಂದೇ ಓದಿಕೊಳ್ಳಿ.)

ಅಲಿಯಾಸ್ ಅನ್ನುವ ಪದ ನಮಗೆಲ್ಲ ಕ್ರೈಂ ಸುದ್ದಿಯಿಂದ ಚೆನ್ನಾಗಿ ಗೊತ್ತು, ‘ಮಂಜ ಅಲಿಯಾಸ್ ಕರಿಮಂಜ’ ಅಂತ. ಇಲ್ಲೂ ಅದೇ ಅರ್ಥ. ನಿಮ್ಮ ಒಂದು ಸೀರೆಯ ಲಿಂಕ್ ಈಗ ಹೀಗಿದೆ ಎಂದುಕೊಳ್ಳಿ:

/ಇಂಡೆಕ್ಸ್.ಪಿಎಚ್‌ಪಿ?ರೂಟ್=ಪ್ರಾಡಕ್ಟ್/ಪ್ರಾಡಕ್ಟ್&ಪಾತ್=59_63&ಪ್ರಾಡಕ್ಟ್_ಐಡಿ=142

ಡೇಟಾಬೇಸ್‌ಗೆ ಆ ಸೀರೆಯ ನಿಜವಾದ ಹೆಸರು 142. ಅದಕ್ಕೆ ನೀವು ‘ಇಳಕಲ್-ಗೋಮಿ-ದಡಿ-ಸೀರೆ’ ಎಂದು ಅಲಿಯಾಸ್ ಕೊಟ್ಟರೆ 142 ಎಲ್ಲೂ ಹೋಗುವುದಿಲ್ಲ. ‘ಈ ಹೆಸರು ಹಿಡಿದು ಬಂದವರನ್ನು 142ರ ಹತ್ತಿರ ಕರೆದುಕೊಂಡು ಹೋಗು’ ಎಂದು ಓಪನ್‌ಕಾರ್ಟ್ ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. 2ನೇ ಆವೃತ್ತಿಯವರೆಗೆ ಆ ಟೇಬಲ್‌ನ ಹೆಸರೇ ‘ಯುಆರ್‌ಎಲ್ ಅಲಿಯಾಸ್’ ಅಂತ ಇತ್ತು. 3ರಲ್ಲಿ ಅದು ‘ಎಸ್‌ಇಒ ಯುಆರ್‌ಎಲ್’ ಆಯಿತು (ಯುಆರ್‌ಎಲ್ ಅಂದರೆ ಲಿಂಕ್‌ನ ವಿಳಾಸ, ಎಸ್‌ಇಒ ಅಂದರೆ ಹುಡುಕಾಟದಲ್ಲಿ ಮೇಲೆ ಬರಲು ಮಾಡುವ ಕೆಲಸ). ಸೈಟ್ ಮಾಡುವ ಬೇರೆ ತಂತ್ರಾಂಶಗಳಲ್ಲೂ ಇದಿದೆ. ಶಾಪಿಫೈಯಲ್ಲಿ ಇದನ್ನೇ ಹ್ಯಾಂಡಲ್ ಅನ್ನುತ್ತಾರೆ, ವರ್ಡ್‌ಪ್ರೆಸ್‌ನಲ್ಲಿ ಸ್ಲಗ್, ಮಜೆಂಟೋದಲ್ಲಿ ಯುಆರ್‌ಎಲ್ ಕೀ. ಹೆಸರು ಬೇರೆ, ಸಂಗತಿ ಒಂದೇ.

ಮೊದಲ ಪುಟದ ವಿಷಯ ಬೇಗ ಮುಗಿಸಿಬಿಡೋಣ. ಲಿಂಕ್‌ನಲ್ಲಿರುವ ಪದಗಳಿಗೆ ಗೂಗಲ್ ಕೊಡುವ ತೂಕ ತೀರಾ ಕಡಿಮೆ. ಇದನ್ನು ಗೂಗಲ್‌ನ ಜಾನ್ ಮ್ಯೂಲರ್ ಅವರೇ ಹಲವು ಸಲ ಹೇಳಿದ್ದಾರೆ. ಪುಟ ಹೊಸದಾಗಿ ಸಿಕ್ಕಾಗ, ಒಳಗೆ ಏನಿದೆ ಎಂದು ಓದುವ ಮೊದಲು, ಆ ಪದಗಳಿಂದ ಒಂದು ಸಣ್ಣ ಸುಳಿವು ಸಿಗಬಹುದು. ಪುಟ ಓದಿಯಾದ ಮೇಲೆ ಸೀರೆಯ ಶೀರ್ಷಿಕೆ, ವಿವರಣೆ, ಫೋಟೋ, ಬೇರೆಯವರು ನಿಮಗೆ ಕೊಟ್ಟ ಲಿಂಕ್ ಇವೇ ಮಾತಾಡುತ್ತವೆ. ವಿವರಣೆಯ ಜಾಗದಲ್ಲಿ ‘ಒಳ್ಳೆ ಕ್ವಾಲಿಟಿ, ಫಾಸ್ಟ್ ಡೆಲಿವರಿ’ ಅಂತ ಎರಡು ಸಾಲು ಬಿಟ್ಟು ಏನೂ ಇಲ್ಲದಿದ್ದರೆ, ಅಲಿಯಾಸ್ ಎಷ್ಟು ಚೆಂದ ಇದ್ದರೂ ಉಪಯೋಗ ಇಲ್ಲ.

‘ಗಿರಾಕಿ ಕಣ್ಣಿಗಾದರೂ ಚೆನ್ನಾಗಿ ಕಾಣುತ್ತದಲ್ಲ’ ಅನ್ನಬಹುದು. ಅದೂ ಈಗ ಮೊದಲಿನಷ್ಟಿಲ್ಲ. 2025ರ ಜನವರಿಯಿಂದ ಗೂಗಲ್ ಮೊಬೈಲ್ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಡೊಮೈನ್ ಹೆಸರಷ್ಟೇ ತೋರಿಸುತ್ತದೆ. ಅದರ ಮುಂದಿನ ‘ಸೀರೆ › ಇಳಕಲ್’ ತರಹದ ದಾರಿಯನ್ನು ತೆಗೆದುಹಾಕಿದೆ, ಕಂಪ್ಯೂಟರಿನಲ್ಲಿ ಮಾತ್ರ ಉಳಿಸಿಕೊಂಡಿದೆ. ನಿಮ್ಮ ಗಿರಾಕಿಗಳು ಹೆಚ್ಚಿನವರು ಮೊಬೈಲ್‌ನವರೇ ಅಲ್ವಾ? ಅವರಿಗೆ ಹುಡುಕುವಾಗ ಅಲಿಯಾಸ್ ಕಾಣುವುದೇ ಇಲ್ಲ. ಕಾಣುವುದು ವಾಟ್ಸ್ಆ್ಯಪ್‌ನಲ್ಲಿ, ಎಸ್‌ಎಂಎಸ್‌ನಲ್ಲಿ, ಡಬ್ಬಿಯ ಮೇಲಿನ ಚೀಟಿಯಲ್ಲಿ. ಅಲ್ಲಿ ಅದರ ಬೆಲೆ ದೊಡ್ಡದು. ಯಾರೋ ಅತ್ತಿಗೆಗೆ ಲಿಂಕ್ ಕಳಿಸಿದಾಗ ಒತ್ತುವ ಮುಂಚೆಯೇ ಅದು ಸೀರೆ ಎಂದು ಗೊತ್ತಾಗಬೇಕು. ಪ್ರಶ್ನಾರ್ಥಕ ಚಿಹ್ನೆಗಳ ಉದ್ದನೆಯ ಲಿಂಕ್ ನೋಡಿದರೆ ಈಗ ಜನ ಮೋಸ ಎಂದೇ ಹೆದರುತ್ತಾರೆ.

ಇನ್ನು ಗೊಂದಲದ ವಿಷಯ. 142ನೇ ಸೀರೆಗೆ ಇವತ್ತು ಎಷ್ಟು ವಿಳಾಸ ಇವೆ, ನೀವೇ ಎಣಿಸಿ ನೋಡಿ. ಸೀರೆಗಳ ವರ್ಗದಿಂದ ಬಂದರೆ ಒಂದು. ಅದರೊಳಗಿನ ಇಳಕಲ್ ಉಪವರ್ಗದಿಂದ ಬಂದರೆ ಇನ್ನೊಂದು. ಅಂಗಡಿಯೊಳಗಿನ ಹುಡುಕಾಟದಿಂದ ಬಂದರೆ ಹುಡುಕಿದ ಪದವೂ ಲಿಂಕ್‌ಗೆ ಅಂಟಿಕೊಂಡು ಮತ್ತೊಂದು. ಬೆಲೆ ಪ್ರಕಾರ ಜೋಡಿಸಿ ನೋಡಿದವರಿಗೆ ಬೇರೆ. ಫೇಸ್‌ಬುಕ್‌ನಿಂದ ಬಂದವರ ಲಿಂಕ್‌ಗೆ ಅದರದೇ ಒಂದು ಬಾಲ. ಸೀರೆ ಒಂದೇ, ಪುಟ ಒಂದೇ, ವಿಳಾಸ ಮಾತ್ರ ಆರೋ ಏಳೋ. ಈಗ ಇದರ ಮೇಲೆ ಅಲಿಯಾಸ್ ಹಾಕಿದಿರಿ. /ಇಳಕಲ್-ಗೋಮಿ-ದಡಿ-ಸೀರೆ ಬಂತು. ವರ್ಗದ ಮೂಲಕ ಹೋದರೆ /ಸೀರೆ/ಇಳಕಲ್/ಇಳಕಲ್-ಗೋಮಿ-ದಡಿ-ಸೀರೆ ಕೂಡ ಬಂತು. ಹಳೆಯ ಇಂಡೆಕ್ಸ್.ಪಿಎಚ್‌ಪಿ ಲಿಂಕ್ ನಿಂತಿತಾ? ಇಲ್ಲ. ಓಪನ್‌ಕಾರ್ಟ್ ಅದನ್ನು ಮುಚ್ಚುವುದಿಲ್ಲ. ಒತ್ತಿದರೆ ಪುಟ ಆರಾಮಾಗಿ ತೆರೆಯುತ್ತದೆ. ಮಂಜನಿಗೆ ನಾಲ್ಕು ಹೆಸರಿದ್ದರೆ ಪೊಲೀಸರು ಪಡುವ ಪಾಡು ಈಗ ಗೂಗಲ್‌ಗೆ.

ಇದರಿಂದ ಗೂಗಲ್ ದಂಡ ಹಾಕುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗೇನೂ ಇಲ್ಲ. ಒಂದೇ ಪುಟ ಹಲವು ವಿಳಾಸದಲ್ಲಿ ಕಂಡರೆ ಗೂಗಲ್ ಅವನ್ನೆಲ್ಲ ಒಂದು ಗುಂಪು ಮಾಡಿ, ಅದರಲ್ಲಿ ಒಂದನ್ನು ಮುಖ್ಯ ಎಂದು ಆರಿಸಿಕೊಳ್ಳುತ್ತದೆ. ತೊಂದರೆ ಏನೆಂದರೆ, ಅದು ಆರಿಸುವುದು ನಿಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ನೀವು ಎರಡು ಸಂಜೆ ಕೂತು ಅಲಿಯಾಸ್ ಬರೆದಿರುತ್ತೀರಿ, ಗೂಗಲ್‌ನಲ್ಲಿ ಕಾಣುವುದು ಅದೇ ಹಳೆಯ 59_63 ಆಗಿರುತ್ತದೆ.

ಇದಕ್ಕೆ ಎರಡು ಮದ್ದಿವೆ. ಒಂದು ಕೆನಾನಿಕಲ್ ಟ್ಯಾಗ್. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ತಂದದ್ದು. ಪುಟದ ತಲೆಭಾಗದಲ್ಲಿ ‘ನೀನು ಯಾವ ದಾರಿಯಿಂದಾದರೂ ಬಾ, ನನ್ನ ಖಾಯಂ ವಿಳಾಸ ಇದು’ ಎಂದು ಬರೆದಿಡುವ ಒಂದು ಸಾಲು. ಓಪನ್‌ಕಾರ್ಟ್ ವಸ್ತುವಿನ ಪುಟಗಳಿಗೆ ಇದನ್ನು ತಾನೇ ಹಾಕುತ್ತದೆ. ಅಲಿಯಾಸ್ ಇದ್ದರೆ ಅದನ್ನೇ ಹಾಕುತ್ತದೆ, ವರ್ಗದ ದಾರಿ ಬಿಟ್ಟು ಚಿಕ್ಕ ರೂಪದಲ್ಲಿ. ಆದರೆ ಹೊರಗಿನಿಂದ ಕೊಂಡ ಥೀಮ್‌ಗಳು (ಅಂಗಡಿಯ ಸಿದ್ಧ ವಿನ್ಯಾಸಗಳು) ಕೆಲವು ಸಲ ಈ ಸಾಲನ್ನು ನುಂಗಿಬಿಡುತ್ತವೆ. ಪರೀಕ್ಷೆ ಸುಲಭ. ಕಂಪ್ಯೂಟರಿನಲ್ಲಿ ಸೀರೆಯ ಪುಟ ತೆರೆದು, ಬಲಗುಂಡಿ ಒತ್ತಿ, ಪುಟದ ಮೂಲ (ವ್ಯೂ ಪೇಜ್ ಸೋರ್ಸ್) ನೋಡಿ. ಅಲ್ಲಿ ‘ಕೆನಾನಿಕಲ್’ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಒಂದೇ ಒಂದು ಸಲ ಸಿಗಬೇಕು, ಅದರ ಪಕ್ಕ ಇರುವುದು ನಿಮ್ಮ ಅಲಿಯಾಸ್ ಆಗಿರಬೇಕು. ಎರಡು ಸಲ ಸಿಕ್ಕರೆ ಯಾವುದೋ ಎಕ್ಸ್‌ಟೆನ್ಷನ್ (ಓಪನ್‌ಕಾರ್ಟ್‌ಗೆ ಮೇಲಿಂದ ಸೇರಿಸಿದ ಪುಟ್ಟ ತಂತ್ರಾಂಶ) ಕೂಡ ಬರೆಯುತ್ತಿದೆ ಎಂದರ್ಥ. ಒಂದನ್ನು ತೆಗೆಸಿ.

ಕೆನಾನಿಕಲ್ ಅನ್ನುವುದು ವಿನಂತಿ, ಆಜ್ಞೆ ಅಲ್ಲ. ಗೂಗಲ್ ಅದನ್ನು ಮೀರಬಹುದು. ಅದಕ್ಕೇ ಎರಡನೆಯ ಮದ್ದು, 301 ಮರುನಿರ್ದೇಶನ. ಹಳೆ ಲಿಂಕ್ ಒತ್ತಿದವರನ್ನು ಸರ್ವರೇ ಹೊಸ ಲಿಂಕ್‌ಗೆ ಕಳಿಸುವುದು. ಅಂಚೆ ಕಚೇರಿಗೆ ‘ಮನೆ ಬದಲಾಯಿಸಿದ್ದೇವೆ, ಕಾಗದ ಅಲ್ಲಿಗೆ ಕಳಿಸಿ’ ಎಂದು ಬರೆದುಕೊಟ್ಟ ಹಾಗೆ. ನಿಮ್ಮ ವಾಟ್ಸ್ಆ್ಯಪ್ ಪ್ರಶ್ನೆಗೂ ಇದೇ ಉತ್ತರ. ಹಳೆಯ ಇಂಡೆಕ್ಸ್.ಪಿಎಚ್‌ಪಿ ಲಿಂಕ್‌ಗಳು ಅಲಿಯಾಸ್ ಹಾಕಿದ ಮೇಲೂ ಕೆಲಸ ಮಾಡುತ್ತವೆ, ಗಿರಾಕಿಗೆ ತೊಂದರೆ ಇಲ್ಲ. ಅವನ್ನು 301 ಮೂಲಕ ಅಲಿಯಾಸ್‌ಗೆ ತಿರುಗಿಸಿದರೆ ಗೂಗಲ್‌ಗೂ ಸಂದೇಶ ಖಚಿತವಾಗಿ ಹೋಗುತ್ತದೆ. ‘ತಿರುಗಿಸಿದರೆ ಲಿಂಕ್‌ನ ಶಕ್ತಿ ಸೋರಿಹೋಗುತ್ತದೆ’ ಎಂಬ ಮಾತು ಇನ್ನೂ ಓಡಾಡುತ್ತಿದೆ. 2016ರಲ್ಲೇ ಗೂಗಲ್‌ನ ಗ್ಯಾರಿ ಇಲ್ಯೇಶ್ ಹಾಗೆ ಸೋರುವುದಿಲ್ಲ ಎಂದು ಹೇಳಿಯಾಗಿದೆ.

ಇಲ್ಲೊಂದು ಗುಂಡಿ ಇದೆ. ಬಹಳ ಜನ ಬೀಳುವ ಗುಂಡಿ. ನಿಮ್ಮ ಹುಡುಗ ಸರ್ವರ್‌ಗೆ ಸೂಚನೆ ಬರೆಯುವ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ‘ರಿಡೈರೆಕ್ಟ್ 301’ ಎಂದು ಬರೆದು, ಹಳೆ ಲಿಂಕ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಹಾಕುತ್ತಾನೆ. ಕೆಲಸ ಮಾಡುವುದಿಲ್ಲ. ಅಪಾಚೆ ಎಂಬ ಸರ್ವರ್ ತಂತ್ರಾಂಶದ ಆ ಆಜ್ಞೆ ಪ್ರಶ್ನಾರ್ಥಕ ಚಿಹ್ನೆಯವರೆಗಿನ ಭಾಗವನ್ನು ಮಾತ್ರ ಹೋಲಿಸಿ ನೋಡುತ್ತದೆ. ನಿಮ್ಮ 180 ಲಿಂಕ್‌ಗಳಲ್ಲೂ ಆ ಭಾಗ ಒಂದೇ, ಇಂಡೆಕ್ಸ್.ಪಿಎಚ್‌ಪಿ. ಸೀರೆ ಯಾವುದು ಎಂಬುದು ಇರುವುದೇ ಪ್ರಶ್ನಾರ್ಥಕ ಚಿಹ್ನೆಯ ನಂತರ. ಅದನ್ನು ಓದಬೇಕೆಂದರೆ ರಿರೈಟ್ ನಿಯಮ ಬರೆದು, ಕ್ವೆರಿ ಸ್ಟ್ರಿಂಗ್ (ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ) ಹೀಗಿದ್ದರೆ ಹಾಗೆ ಮಾಡು ಎಂದು ಷರತ್ತು ಹಾಕಬೇಕು. ಇಲ್ಲವೇ ಆ ಕೆಲಸ ಮಾಡುವ ಎಕ್ಸ್‌ಟೆನ್ಷನ್ ಹಾಕಬೇಕು. ಇನ್ನೊಂದು, ನಿಮ್ಮ ಹೋಸ್ಟಿಂಗ್ ಅಪಾಚೆಯ ಬದಲು ಎನ್‌ಜಿನ್ಎಕ್ಸ್ ಎಂಬ ಸರ್ವರ್ ತಂತ್ರಾಂಶ ಒಂದರಲ್ಲೇ ಓಡುತ್ತಿದ್ದರೆ ಎಚ್‌ಟಿಆ್ಯಕ್ಸೆಸ್ ಫೈಲನ್ನು ಅದು ಓದುವುದೇ ಇಲ್ಲ. ಎಷ್ಟು ತಿದ್ದಿದರೂ ಏನೂ ಆಗದಿದ್ದರೆ ಮೊದಲು ಅದನ್ನು ಕೇಳಿ.

ಪರೀಕ್ಷೆ ಮಾಡುವಾಗ ಮೊದಲು 302 ಹಾಕಿ ನೋಡಿ. ಅದು ತಾತ್ಕಾಲಿಕ ಮರುನಿರ್ದೇಶನ. 301 ಅನ್ನು ಬ್ರೌಸರ್ ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತದೆ. ತಪ್ಪು ಪುಟಕ್ಕೆ ತಿರುಗಿಸಿ, ಆಮೇಲೆ ಸರಿ ಮಾಡಿದರೂ, ನಿಮ್ಮ ಕಂಪ್ಯೂಟರ್ ಹಳೆ ತಪ್ಪಿಗೇ ಹೋಗುತ್ತಿರುತ್ತದೆ. ‘ಸರಿ ಮಾಡಿದೆ ಅಂದ, ಆಗೇ ಇಲ್ಲ’ ಎಂದು ಹುಡುಗನ ಜೊತೆ ಜಗಳ ಶುರು. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ 302 ಅನ್ನು 301 ಮಾಡಿ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯ ಸೈಟ್ ನೋಡಿಕೊಳ್ಳುತ್ತಿದ್ದೆ. ಅಲಿಯಾಸ್‌ಗಳೆಲ್ಲ ‘ದೀಪಾವಳಿ-ಆಫರ್’ ಎಂದು ಕೊನೆಯಾಗುತ್ತಿದ್ದವು. ಹಬ್ಬ ಮುಗಿದಿತ್ತು, ನೋಡಲು ಅಸಹ್ಯ ಅನ್ನಿಸಿತು. ಒಂದು ರಾತ್ರಿ ಕೂತು ಬಾಲಗಳನ್ನೆಲ್ಲ ಕತ್ತರಿಸಿದೆ. ಬೆಳಿಗ್ಗೆ ಅಂಗಡಿಯವರ ಫೋನ್. ಅವರು ಪ್ರತಿ ಡಬ್ಬಿಯೊಳಗೆ ಒಂದು ಚೀಟಿ ಇಡುತ್ತಿದ್ದರು, ಅದರಲ್ಲಿ ಕ್ಯೂಆರ್ ಕೋಡ್. ‘ಇದೇ ಬಗೆಯ ಇನ್ನಷ್ಟು ಬಟ್ಟೆಗೆ ಸ್ಕ್ಯಾನ್ ಮಾಡಿ’ ಎಂದು. ಆ ಕೋಡ್‌ಗಳೆಲ್ಲ ಹಳೆ ಅಲಿಯಾಸ್‌ಗೆ ಹೋಗುತ್ತಿದ್ದವು. ಸ್ಕ್ಯಾನ್ ಮಾಡಿದವರಿಗೆ 404, ಪುಟ ಸಿಗಲಿಲ್ಲ. ಅಚ್ಚಾದ ಚೀಟಿಗಳು ಇನ್ನೂ ಮೂರು ರಟ್ಟಿನ ಪೆಟ್ಟಿಗೆ ತುಂಬ ಇದ್ದವು. ಹಳೆ ಅಲಿಯಾಸ್‌ಗಳ ಪಟ್ಟಿ ನಾನು ಉಳಿಸಿಕೊಂಡಿರಲಿಲ್ಲ. ಬ್ಯಾಕಪ್ ತೆಗೆದು, ಒಂದೊಂದಾಗಿ ಹುಡುಕಿ ಮರುನಿರ್ದೇಶನ ಬರೆಯಲು ಎರಡು ದಿನ ಹಿಡಿಯಿತು.

ಓಪನ್‌ಕಾರ್ಟ್‌ನಲ್ಲಿ ಇದನ್ನು ಚೆನ್ನಾಗಿ ನೆನಪಿಡಿ. ಇಂಡೆಕ್ಸ್.ಪಿಎಚ್‌ಪಿ ಲಿಂಕ್ ಯಾವತ್ತೂ ಸಾಯುವುದಿಲ್ಲ, ಆದರೆ ಅಲಿಯಾಸ್ ಬದಲಿಸಿದರೆ ಹಳೆ ಅಲಿಯಾಸ್ ಆ ಕ್ಷಣವೇ ಸಾಯುತ್ತದೆ. ಶಾಪಿಫೈಯಲ್ಲಿ ಹ್ಯಾಂಡಲ್ ತಿದ್ದುವಾಗ ‘ಹಳೆಯದರಿಂದ ಹೊಸದಕ್ಕೆ ಮರುನಿರ್ದೇಶನ ಮಾಡಲೇ’ ಎಂದು ಅದೇ ಕೇಳುತ್ತದೆ. ವರ್ಡ್‌ಪ್ರೆಸ್ ಹಳೆ ಸ್ಲಗ್‌ಗಳನ್ನು ನೆನಪಿಟ್ಟುಕೊಂಡು ಹೆಚ್ಚಿನ ಸಲ ತಾನೇ ತಿರುಗಿಸುತ್ತದೆ, ಆದರೆ ವರ್ಗಗಳ ಸ್ಲಗ್‌ಗೆ ಆ ಸೌಲಭ್ಯ ಇಲ್ಲ. ಓಪನ್‌ಕಾರ್ಟ್ ಕೇಳುವುದೂ ಇಲ್ಲ, ನೆನಪಿಟ್ಟುಕೊಳ್ಳುವುದೂ ಇಲ್ಲ. ಅದಕ್ಕೇ ಮೊದಲ ಸಲವೇ ಯೋಚಿಸಿ ಇಡಿ.

ಯೋಚಿಸಿ ಅಂದರೆ ಏನು? ಆ ಸೀರೆಯಲ್ಲಿ ಬದಲಾಗದೇ ಉಳಿಯುವುದು ಯಾವುದು ಎಂದು. ಬೆಲೆ ಬದಲಾಗುತ್ತದೆ, ಆಫರ್ ಮುಗಿಯುತ್ತದೆ, ‘ಹೊಸ’ ಅನ್ನುವುದು ಮೂರು ತಿಂಗಳಲ್ಲಿ ಹಳತಾಗುತ್ತದೆ. ಇವು ಯಾವುವೂ ಅಲಿಯಾಸ್‌ನಲ್ಲಿ ಬೇಡ. ವರ್ಗದ ಹೆಸರೂ ಬೇಡ ಅನ್ನುತ್ತೇನೆ. ಇವತ್ತು ‘ಹತ್ತಿ ಸೀರೆ’ ವರ್ಗದಲ್ಲಿ ಇಟ್ಟದ್ದನ್ನು ನಾಳೆ ‘ಮದುವೆ ಸೀರೆ’ಗೆ ಸಾಗಿಸುತ್ತೀರಿ. ಉಳಿಯುವುದು ಎಲ್ಲಿಯದು, ದಡಿ ಯಾವುದು, ಮೈ ಯಾವ ನೂಲು, ಏನು ವಸ್ತು. ಇಳಕಲ್ ಸೀರೆಗೆ ದಡಿಯ ಹೆಸರೇ ಗುರುತಲ್ಲವೇ? ಗೋಮಿ ದಡಿ ಕೇಳಿ ಬರುವವಳಿಗೆ ಬೇರೆ ದಡಿ ತೋರಿಸಿದರೆ ಎದ್ದು ಹೋಗುತ್ತಾಳೆ. ಹಾಗಾಗಿ ‘ಇಳಕಲ್-ಗೋಮಿ-ದಡಿ-ಹತ್ತಿ-ಸೀರೆ’ ಸಾಕು. ಅದಕ್ಕೆ ‘ಬೆಸ್ಟ್-ಆನ್‌ಲೈನ್-ಲೋ-ಪ್ರೈಸ್’ ಸೇರಿಸುವುದು ಬಸ್ ಸ್ಟ್ಯಾಂಡ್‌ನಲ್ಲಿ ಕೂಗಿದ ಹಾಗೆ. ಅದರಿಂದ ಗೂಗಲ್‌ನಲ್ಲೂ ಲಾಭ ಇಲ್ಲ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಸೀರೆ ಐದು ಬಣ್ಣದಲ್ಲಿ ಇದ್ದು, ಒಂದೇ ಪುಟದಲ್ಲಿ ಬಣ್ಣ ಆರಿಸುವ ಹಾಗಿದ್ದರೆ ಅಲಿಯಾಸ್‌ನಲ್ಲಿ ಬಣ್ಣ ಬೇಡ. ಕೈಮಗ್ಗದ ಒಂಟಿ ಸೀರೆ, ಅಂಥದ್ದು ಇನ್ನೊಂದಿಲ್ಲ ಅನ್ನುವುದಾದರೆ ಬಣ್ಣ ಹಾಕಿ. ಇಲ್ಲದಿದ್ದರೆ ಹತ್ತು ಗೋಮಿ ದಡಿ ಸೀರೆಗೆ ಹೆಸರು ಎಲ್ಲಿಂದ ತರುತ್ತೀರಿ? ಒಂದು ಅಲಿಯಾಸ್ ಇಡೀ ಅಂಗಡಿಯಲ್ಲಿ ಒಮ್ಮೆ ಮಾತ್ರ ಬಳಸಬಹುದು. ಎರಡನೆಯದಕ್ಕೆ ಓಪನ್‌ಕಾರ್ಟ್ ಒಪ್ಪುವುದಿಲ್ಲ. ಕೊನೆಗೆ ಅಂಗಡಿಯ ನಿಮ್ಮ ಸಂಖ್ಯೆಯನ್ನೇ ಹಾಕಿ, ‘…-ಸೀರೆ-ಜಿ17’ ಎಂದು. ಅದರಲ್ಲಿ ತಪ್ಪೇನಿಲ್ಲ. ಗಿರಾಕಿ ಫೋನ್ ಮಾಡಿದಾಗ ಅದೇ ಹೇಳಿ ಕೇಳುತ್ತಾರೆ.

ಖಣದ್ದು ಬೇರೆ ಕಥೆ. ಇಂಗ್ಲಿಷ್ ಅಕ್ಷರದಲ್ಲಿ ‘ಖಣ’ ಬರೆದರೆ ಹಿಂದಿಯ ಊಟಕ್ಕೂ ಅದೇ ಕಾಗುಣಿತ. ಬರೀ ಆ ಒಂದು ಪದ ನೋಡಿದವರು ಬಿರಿಯಾನಿ ನಿರೀಕ್ಷಿಸುತ್ತಾರೆ. ಮಹಾರಾಷ್ಟ್ರದವರು ಇದನ್ನೇ ‘ಖುಣ್’ ಎಂದು ಬೇರೆ ಕಾಗುಣಿತದಲ್ಲಿ ಬರೆಯುತ್ತಾರೆ. ಇಲ್ಲಿ ‘ಗುಳೇದಗುಡ್ಡ-ಖಣ-ಬ್ಲೌಸ್-ಪೀಸ್’ ಎಂದು ನಾಲ್ಕೂ ಪದ ಇರಲಿ. ‘ಖುಣ್’ ಅನ್ನುವುದನ್ನು ಅಲಿಯಾಸ್‌ಗೆ ತುರುಕಬೇಡಿ. ಪುಟದ ವಿವರಣೆಯಲ್ಲಿ ‘ಮಹಾರಾಷ್ಟ್ರದಲ್ಲಿ ಇದಕ್ಕೆ ಖುಣ್ ಎನ್ನುತ್ತಾರೆ’ ಎಂದು ಸಹಜವಾಗಿ ಒಂದು ಸಾಲು ಬರೆಯಿರಿ. ಹುಡುಕಿದವರಿಗೆ ಅಲ್ಲಿಂದಲೇ ಸಿಗುತ್ತದೆ. ಇಳಕಲ್‌ಗೂ ಹಾಗೇ. ಎರಡು ಮೂರು ಇಂಗ್ಲಿಷ್ ಕಾಗುಣಿತ ಓಡಾಡುತ್ತಿವೆ. ಊರಿನ ಬೋರ್ಡಿನಲ್ಲಿ ಇರುವುದನ್ನೇ ಇಟ್ಟುಕೊಂಡು, 180 ಕಡೆಯೂ ಅದನ್ನೇ ಬರೆಯಿರಿ.

ಪದಗಳ ನಡುವೆ ಅಡ್ಡಗೆರೆ (-) ಹಾಕಿ, ಅಡಿಗೆರೆ (_) ಬೇಡ. ಇದು ಗೂಗಲ್‌ನದೇ ಸಲಹೆ. ಎಲ್ಲ ಚಿಕ್ಕ ಅಕ್ಷರದಲ್ಲಿರಲಿ. ಡೊಮೈನ್ ಹೆಸರಿನಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಒಂದೇ, ಅದರ ಮುಂದಿನ ಭಾಗದಲ್ಲಿ ಅವು ಬೇರೆ ಬೇರೆ ವಿಳಾಸ. ಇನ್ನೊಂದು ಸಣ್ಣ ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಯಾವುದೋ ವರ್ಗಕ್ಕೆ ‘ಕ್ಯಾಟಲಾಗ್’ ಅಥವಾ ‘ಇಮೇಜ್’ ಎಂದು ಅಲಿಯಾಸ್ ಇಡಬೇಡಿ. ಆ ಹೆಸರಿನ ಫೋಲ್ಡರ್‌ಗಳು ಓಪನ್‌ಕಾರ್ಟ್‌ನಲ್ಲೇ ಇವೆ. ನಿಜವಾದ ಫೋಲ್ಡರ್ ಇದ್ದಲ್ಲಿ ಸರ್ವರ್ ಅಲಿಯಾಸ್ ಕಡೆ ನೋಡುವುದೇ ಇಲ್ಲ, ಬಾಗಿಲು ಮುಚ್ಚಿದೆ ಎಂಬ ಸಂದೇಶ ಬರುತ್ತದೆ. ‘ಕ್ಯಾಟಲಾಗ್’ ಅಂಗಡಿಯವರು ಇಷ್ಟಪಡುವ ಹೆಸರು, ಅದಕ್ಕೇ ಹೇಳಿದೆ.

ಈಗ ಕನ್ನಡದ ಪ್ರಶ್ನೆ. ಇಡಬಹುದಾ? ಖಂಡಿತ ಇಡಬಹುದು. ಓದುಗರ ಭಾಷೆಯಲ್ಲೇ ಲಿಂಕ್ ಇರಲಿ ಎಂದು ಗೂಗಲ್ ಕೂಡ ಹೇಳುತ್ತದೆ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಚೆಂದವಾಗಿ ಕನ್ನಡವೇ ಕಾಣುತ್ತದೆ. ತೊಂದರೆ ಶುರುವಾಗುವುದು ಅದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ. ಲಿಂಕ್‌ನೊಳಗೆ ಪ್ರತಿ ಕನ್ನಡ ಸಂಕೇತವೂ ಮೂರು ಬೈಟ್. ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ ಅಥವಾ ಅಕ್ಷರವಾಗಿ ಬದಲಾಗುತ್ತದೆ. ಅಂದರೆ ಒಂದಕ್ಕೆ ಒಂಬತ್ತು. ಇಲ್ಲಿ ಸಂಕೇತ ಅಂದರೆ ನಾವು ಓದುವ ಅಕ್ಷರ ಅಲ್ಲ. ‘ಸೀ’ ಅನ್ನುವುದು ‘ಸ’ ಮತ್ತು ದೀರ್ಘದ ಗುರುತು ಸೇರಿ ಎರಡು. ‘ಇಳಕಲ್-ಸೀರೆ’ಯಲ್ಲಿ ಒಂಬತ್ತು ಕನ್ನಡ ಸಂಕೇತ, ಒಂದು ಅಡ್ಡಗೆರೆ. ಒಟ್ಟು 82. ನಮ್ಮ ಕಣ್ಣಿಗೆ ಆರು ಅಕ್ಷರದ ಹೆಸರು, ವಾಟ್ಸ್ಆ್ಯಪ್‌ನಲ್ಲಿ ಬಂದು ಬೀಳುವುದು ಶೇಕಡಾ ಚಿಹ್ನೆಗಳ ಮೂರು ಸಾಲು. ಪ್ರಶ್ನಾರ್ಥಕ ಚಿಹ್ನೆ ಹೋಗಲಿ ಎಂದು ಅಲಿಯಾಸ್ ಮಾಡಿ, ಕೊನೆಗೆ ಅದಕ್ಕಿಂತ ವಿಕಾರವಾದದ್ದು ಸಿಕ್ಕ ಹಾಗಾಯಿತು. ಆರ್ಡರ್ ಆದಾಗ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುತ್ತೀರಾದರೆ ಒಂದು ಎಸ್‌ಎಂಎಸ್‌ಗೆ ಹಿಡಿಯುವುದೇ 70. ಡೊಮೈನ್ ಹೆಸರನ್ನು ಬಿಟ್ಟರೂ ಈ ಲಿಂಕ್ ಒಂದೇ ಅದನ್ನು ದಾಟುತ್ತದೆ.

ಮುಂದೆ ವರ್ಡ್‌ಪ್ರೆಸ್ ಮೇಲೆ ಓಡುವ ವೂಕಾಮರ್ಸ್ ಎಂಬ ಅಂಗಡಿ ತಂತ್ರಾಂಶಕ್ಕೆ ಹೋಗುವ ಯೋಚನೆ ಇದ್ದರೆ ಇದನ್ನೂ ಕೇಳಿ. ಅಲ್ಲಿ ಸ್ಲಗ್‌ಗೆ 200ರ ಮಿತಿ. ಅದು ಲೆಕ್ಕ ಹಾಕುವುದು ಶೇಕಡಾ ರೂಪದಲ್ಲಿ. ‘ಕೈಮಗ್ಗದ ಇಳಕಲ್ ರೇಷ್ಮೆ ಸೀರೆ’ ಎಂದು ಹೆಸರು ಕೊಟ್ಟಿರಿ ಎಂದುಕೊಳ್ಳಿ. ಸಂಕೇತಗಳು 22, ಒಂಬತ್ತರಿಂದ ಗುಣಿಸಿದರೆ 198, ನಡುವಿನ ಮೂರು ಅಡ್ಡಗೆರೆ ಸೇರಿದರೆ 201. ಒಂದು ಹೆಚ್ಚಾಯಿತು. ವರ್ಡ್‌ಪ್ರೆಸ್ ಸದ್ದಿಲ್ಲದೆ ಕೊನೆಯ ಎತ್ವವನ್ನು ಕತ್ತರಿಸುತ್ತದೆ. ನಿಮ್ಮ ಲಿಂಕ್ ‘ಕೈಮಗ್ಗದ-ಇಳಕಲ್-ರೇಷ್ಮೆ-ಸೀರ’ ಎಂದು ನಿಲ್ಲುತ್ತದೆ. ಸೀರೆಯ ಸೆರಗನ್ನೇ ಕತ್ತರಿಸಿದ ಹಾಗೆ! ಕನ್ನಡ ಸೈಟ್‌ಗಳಲ್ಲಿ ಅರ್ಧಕ್ಕೆ ನಿಂತ ಲಿಂಕ್‌ಗಳನ್ನು ನೀವೂ ನೋಡಿರುತ್ತೀರಿ, ಕಾರಣ ಇದೇ.

ಇನ್ನೂ ಒಂದು ಸೂಕ್ಷ್ಮ ಇದೆ, ಕನ್ನಡ ಟೈಪ್ ಮಾಡುವವರಿಗೇ ವಿಶೇಷ. ‘ಕಾಟನ್‌ಸೀರೆ’ ಎಂದು ಕೂಡಿಸಿ ಬರೆಯುವಾಗ ‘ನ್’ ಕೆಳಗೆ ‘ಸ’ ಒತ್ತಾಗಿ ಕೂರದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಕೀಬೋರ್ಡ್ ತಾನೇ ಹಾಕುವುದೂ ಉಂಟು. ಅದು ಲಿಂಕ್‌ನೊಳಗೂ ಹೋಗಿ ಕೂರುತ್ತದೆ. ಕೆಲವು ತಂತ್ರಾಂಶ ಅದನ್ನು ಕಿತ್ತುಹಾಕುತ್ತವೆ, ಕೆಲವು ಹಾಗೇ ಇಡುತ್ತವೆ. ಆಗ ನೋಡಲು ತದ್ರೂಪು ಒಂದೇ ಇರುವ ಎರಡು ಲಿಂಕ್‌ಗಳಲ್ಲಿ ಒಂದು ತೆರೆಯುತ್ತದೆ, ಇನ್ನೊಂದು 404. ಏನು ತಪ್ಪು ಎಂದು ಕಣ್ಣಿನಿಂದ ಕಂಡುಹಿಡಿಯಲು ಸಾಧ್ಯವೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ: ಮಾರಾಟದ ಪುಟಗಳಿಗೆ ಇಂಗ್ಲಿಷ್ ಅಕ್ಷರ, ಪುಟದೊಳಗೆ ಶೀರ್ಷಿಕೆ ವಿವರಣೆ ಎರಡೂ ಕನ್ನಡದಲ್ಲಿ ಧಾರಾಳವಾಗಿ. ‘ಇಳಕಲ್’ ಎಂದು ಕನ್ನಡದಲ್ಲಿ ಹುಡುಕಿದವರನ್ನು ಕರೆತರುವುದು ಪುಟದೊಳಗಿನ ಕನ್ನಡ. ಲಿಂಕ್ ಯಾವ ಅಕ್ಷರದಲ್ಲಿದೆ ಎಂಬುದರಿಂದ ಅಲ್ಲಿ ಹೆಚ್ಚು ವ್ಯತ್ಯಾಸ ಆಗದು. ‘ಇಳಕಲ್ ಸೀರೆ ಒಗೆಯುವುದು ಹೇಗೆ’ ಅನ್ನುವಂಥ ಬರಹ ಹಾಕಿದರೆ ಅದಕ್ಕೆ ಕನ್ನಡ ಅಲಿಯಾಸ್ ಕೊಟ್ಟು ಸಂತೋಷಪಡಿ. ಅದನ್ನು ಚೀಟಿಯಲ್ಲಿ ಅಚ್ಚು ಹಾಕುವುದಿಲ್ಲವಲ್ಲ.

ಕೆಲಸ ಹೀಗೆ ಶುರು ಮಾಡಿ. ಮೊದಲು ಪೂರ್ತಿ ಬ್ಯಾಕಪ್. ಆಮೇಲೆ ಅಡ್ಮಿನ್‌ನಲ್ಲಿ ಸಿಸ್ಟಂ, ಸೆಟ್ಟಿಂಗ್ಸ್‌ಗೆ ಹೋಗಿ ಅಂಗಡಿಯನ್ನು ತಿದ್ದಲು ತೆರೆದರೆ ಸರ್ವರ್ ಎಂಬ ಟ್ಯಾಬ್ ಇದೆ. ಅಲ್ಲಿ ‘ಯೂಸ್ ಎಸ್‌ಇಒ ಯುಆರ್‌ಎಲ್ಸ್’ ಅನ್ನುವುದಕ್ಕೆ ‘ಯೆಸ್’ ಕೊಡಬೇಕು. ಅದಕ್ಕೂ ಮುಂಚೆ ಸರ್ವರ್‌ನಲ್ಲಿರುವ ಎಚ್‌ಟಿಆ್ಯಕ್ಸೆಸ್ ಫೈಲಿನ ಹೆಸರಿನ ಕೊನೆಯ ‘.ಟಿಎಕ್ಸ್‌ಟಿ’ ತೆಗೆದಿರಬೇಕು. ಇದನ್ನು ಮರೆತು ‘ಯೆಸ್’ ಕೊಟ್ಟರೆ ಅಲಿಯಾಸ್ ಇರುವ ಲಿಂಕ್‌ಗಳೆಲ್ಲ 404 ಆಗುತ್ತವೆ. ಅಂಗಡಿ ಮುಚ್ಚಿದಂತೆಯೇ. ರಾತ್ರಿ ಹನ್ನೊಂದರ ಮೇಲೆ ಮಾಡಿಸಿ.

180ಕ್ಕೂ ಒಂದೇ ಸಲ ಹಾಕುವ ಅವಸರ ಬೇಡ. ಹೆಚ್ಚು ಮಾರುವ ಹತ್ತು ಹನ್ನೆರಡು ವಸ್ತುವಿಗೆ ಮೊದಲು ಹಾಕಿ. ಮೆನು, ಮುಖಪುಟದ ಬ್ಯಾನರ್, ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ) ಮೂರರಲ್ಲೂ ಹೊಸ ಲಿಂಕ್ ಬಂದಿದೆಯೇ ನೋಡಿ. ಬ್ಯಾನರ್‌ಗಳಲ್ಲಿ ಲಿಂಕನ್ನು ಕೈಯಾರೆ ಅಂಟಿಸಿರುತ್ತಾರೆ, ಅವು ತಾವಾಗಿ ಬದಲಾಗುವುದಿಲ್ಲ. ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಪಟ್ಟಿ ಕಳಿಸುತ್ತಿದ್ದರೆ ಲಿಂಕ್ ಕಾಲಂ ಬದಲಿಸಿ, ಐಡಿ ಕಾಲಂ ಮುಟ್ಟಬೇಡಿ. ಕೆಲವು ವಾರ ಬಿಟ್ಟು, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದು ಅಲಿಯಾಸ್ ಹಾಕಿ ಪರೀಕ್ಷಿಸಿ. ನೀವು ಹೇಳಿದ ಕೆನಾನಿಕಲ್ ಯಾವುದು, ಗೂಗಲ್ ಆರಿಸಿದ್ದು ಯಾವುದು ಎಂದು ಎರಡೂ ತೋರಿಸುತ್ತದೆ. ಎರಡೂ ಒಂದೇ ಬಂದರೆ ಉಳಿದವಕ್ಕೆ ಕೈ ಹಾಕಿ. ಬೇರೆ ಬಂದರೆ ಅಲ್ಲೇ ನಿಂತು ಕಾರಣ ಹುಡುಕಿ.

ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ನಾನು ತೆಗೆಯಲೇಬೇಡಿ ಅನ್ನುತ್ತೇನೆ. ಮುಂದೆ ಯಾವತ್ತಾದರೂ ಅಲಿಯಾಸ್ ಮತ್ತೆ ಬದಲಾದರೆ, ಹಳೆಯದರಿಂದ ನಡುವಿನದಕ್ಕೆ, ನಡುವಿನದರಿಂದ ಹೊಸದಕ್ಕೆ ಎಂದು ಸರಪಳಿ ಮಾಡಬೇಡಿ. ಎಲ್ಲ ಹಳೆಯವೂ ನೇರ ಹೊಸದಕ್ಕೆ ಹೋಗಲಿ. ಮಾರಿ ಮುಗಿದ ಸೀರೆಯ ಲಿಂಕನ್ನು ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ಬಹಳ ಕಡೆ ಇದೆ. ಗೂಗಲ್ ಅದನ್ನು 404 ಎಂದೇ ಲೆಕ್ಕ ಹಾಕುತ್ತದೆ, ಗಿರಾಕಿಗೂ ಕಿರಿಕಿರಿ. ಅದೇ ದಡಿಯ ಇನ್ನೊಂದು ಸೀರೆ ಇದ್ದರೆ ಅಲ್ಲಿಗೆ ತಿರುಗಿಸಿ. ಇಲ್ಲದಿದ್ದರೆ ಪುಟ ಹಾಗೇ ಇಟ್ಟು ‘ಮುಗಿದಿದೆ, ಇಂಥದ್ದು ನೇಯಿಸಿಕೊಡುತ್ತೇವೆ’ ಎಂದು ಬರೆದು ಫೋನ್ ನಂಬರ್ ಹಾಕಿ.

ಎಲ್ಲಕ್ಕೂ ಒಂದು ಎಕ್ಸೆಲ್ ಹಾಳೆ ಇಟ್ಟುಕೊಳ್ಳಿ. ಮೊದಲ ಕಾಲಂ ಐಡಿ, ಎರಡನೆಯದು ಅಲಿಯಾಸ್, ಮೂರನೆಯದು ಹಾಕಿದ ದಿನ, ನಾಲ್ಕನೆಯದು ಅದನ್ನು ಎಲ್ಲೆಲ್ಲಿ ಅಚ್ಚು ಹಾಕಿಸಿದ್ದೀರಿ ಎಂಬುದು. ಆ ಹಾಳೆ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದರೆ ಸಾಲದು, ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ.